ಬಾಗಿಲು ಹೊತ್ತವನ ನಾಲ್ಕು ರೀಲು

ಹನೂರಿನ ಟೂರಿಂಗ್ ಟೆಂಟಿನಲ್ಲಿ ಕೆಂಪನಂಜಪ್ಪ ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರು ಅಂತ ಇರಲಿಲ್ಲ. ಮಿಷನ್ ಓಡಿಸುವವನು ಆಪರೇಟರ್, ಬಾಗಿಲಲ್ಲಿ ಟಿಕೆಟ್ ಹರಿಯುವವನು ಗೇಟ್‌ಕೀಪರ್, ಗೂಟ ಹೊಡೆದು ಹಗ್ಗ ಬಿಗಿಯುತ್ತಿದ್ದ ಸೋಲಿಗರ ಜಡಯ್ಯನಿಗೂ ಗೂಟದ ಜಡಯ್ಯ ಎಂಬ ಬಿರುದು ದಕ್ಕಿತ್ತು. ಇವನನ್ನು ಮಾತ್ರ ಜನ ‘ಆ ಕತೆ ಏಳ್ತನಲ್ಲ, ಅವ್ನು’ ಎಂದು ಕೈ ತೋರಿಸಿ ಮುಗಿಸಿಬಿಡುತ್ತಿದ್ದರು. ಹೆಸರಿಲ್ಲದಿದ್ದರೂ ಕೆಲಸವೇನು ಸಣ್ಣದಲ್ಲ. ಟೆಂಟಿನಲ್ಲಿದ್ದುದು ಒಂದೇ ಪ್ರೊಜೆಕ್ಟರ್. ಒಂದು ರೀಲು ಇಳಿಸಿ ಇನ್ನೊಂದನ್ನು ಏರಿಸುವ ತನಕ ದೀಪ ಹಾಕಲೇಬೇಕು. ಆ ಹೊತ್ತಿನಲ್ಲಿ ಕೆಂಪನಂಜಪ್ಪ ಪರದೆಯ ಮುಂದಿನ ಮರದ ಪೆಟ್ಟಿಗೆ ಹತ್ತಿ, ತಗಡಿನ ತುತ್ತೂರಿಯನ್ನು ಬಾಯಿಗಿಟ್ಟು, ಆಗಷ್ಟೇ ಓಡಿದ ತಮಿಳು ಸಿನಿಮಾದ ಕತೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಹನೂರಿನ ಅರ್ಧ ಜನಕ್ಕೆ ತಮಿಳು ಮನೆಮಾತಿನಷ್ಟೇ ಸಲೀಸು. ಉಳಿದರ್ಧಕ್ಕೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತಿತ್ತು, ನಾಯಕಿ ಯಾಕೆ ಅಳುತ್ತಾಳೆ ಎಂದು ತಿಳಿಯುವಷ್ಟು ಬರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಟೆಂಟಿನ ಯಜಮಾನ ಸದಾಶಿವಪ್ಪ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ. ಸಿನಿಮಾವನ್ನು ಹನೂರಿಗೆಂದೇ ತರಿಸುವ ಧಾರಾಳ ಅವರಲ್ಲಿರಲಿಲ್ಲ. ಕೊಳ್ಳೇಗಾಲದ ಟಾಕೀಸಿನಲ್ಲಿ ಮ್ಯಾಟನಿ ಮುಗಿಸಿದ ರೀಲುಗಳೇ ಸಂಜೆ ಬಸ್ಸಿನ ಮೇಲೆ, ಬಾಳೆಗೊನೆ, ಕೋಳಿಪುಟ್ಟಿಗಳ ಜೊತೆ ಕುಲುಕಿಕೊಂಡು ಬರುತ್ತಿದ್ದವು. ಡಬ್ಬಿಯ ಮೇಲಿನ ನಂಬರು ಅಳಿಸಿಹೋಗಿರುತ್ತಿತ್ತು. ಐದನೆಯದು ಮೂರನೆಯದರ ಜಾಗಕ್ಕೆ ಬರುವುದು, ಒಂದು ಡಬ್ಬಿ ಬಸ್‌ಸ್ಟ್ಯಾಂಡಿನಲ್ಲೇ ಉಳಿದುಬಿಡುವುದು ಇವೆಲ್ಲ ಮಾಮೂಲು. ಒಮ್ಮೆ ರಾಜ ಚಿತೆಯೇರಿದ ಮರುಗಳಿಗೆಯೇ ಅದೇ ರಾಜ ಕುದುರೆ ಏರಿಕೊಂಡು ಬಂದ. ಜನ ಹೋ ಎಂದರು. ಕೆಂಪನಂಜಪ್ಪ ಪೆಟ್ಟಿಗೆ ಹತ್ತಿ, ‘ಮೊದ್ಲು ನೋಡಿದ್ದು ಕಡೇದು ಕಣ್ರಪ್ಪ, ಇದು ಅದ್ಕಿಂತ ಮುಂಚೇದು’ ಎಂದು ಹಿಂದಿನದನ್ನು ಮುಂದಿಟ್ಟು ಮುಂದಿನದನ್ನು ಹಿಂದಿಟ್ಟು ಕತೆಗೆ ಒಂದು ತಲೆ, ಒಂದು ಬಾಲ ಕೂರಿಸಿದ. ಜನ ಸಮಾಧಾನವಾಗಿ ನೆಲಕ್ಕೆ ಕೂತರು. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ, ಸಿನಿಮಾ ಎಂದರೆ ಯಾರೋ ಕಲಸಿ ಕಳಿಸಿದ್ದನ್ನು ತಾನು ಸರಿಯಾಗಿ ಜೋಡಿಸಬೇಕಾದ ಸಾಮಾನು ಎಂಬುದು ರಕ್ತಕ್ಕೇ ಇಳಿದಿತ್ತು.

ಹೀಗಿರುವಾಗ ಕೊಳ್ಳೇಗಾಲದ ವಾಚನಾಲಯದಲ್ಲಿ ಒಂದು ದಿನ ಪೇಪರಿನಲ್ಲಿ ಜಾಹೀರಾತು ಕಂಡ. ಬೊಂಬಾಯಿಯ ಆಚೆ ಎಲ್ಲೋ ಸಿನಿಮಾ ಕಲಿಸುವ ಶಾಲೆಯಂತೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಇಪ್ಪತ್ತೈದು ತುಂಬಿರಬಾರದು. ಅವ್ವನ ಲೆಕ್ಕದಲ್ಲಿ ಅವನಿಗೆ ಇಪ್ಪತ್ತನಾಲ್ಕು. ಅದನ್ನೇ ಬರೆದು ಅರ್ಜಿ ಹಾಕಿದ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಎನ್ನುವ ಮಾತಿಲ್ಲ ಎಂದು ಅವನಿಗೆ ಗೊತ್ತಿತ್ತು. ಮುಳ್ಳೂರಿನಲ್ಲಿ ಅಪ್ಪ ವೃಷಭೇಂದ್ರಪ್ಪನಿಗೆ ನಾಲೆಯ ಕೆಳಗೆ ಗದ್ದೆ, ಮನೆ ಪಕ್ಕ ಹಿಪ್ಪುನೇರಳೆ ತೋಟ. ಒಬ್ಬನೇ ಮಗ. ‘ಟೆಂಟು ಪಂಟು ಅಂತ ಕುಣ್ಕಂಡು ಒಂದಿನ ಮನೆಗೆ ಬಂದೇ ಬತ್ತಾನೆ’ ಎಂದು ಅಪ್ಪ ಕಾಯುತ್ತಿದ್ದ. ಶಾಲೆ ಸಿಕ್ಕಿದರೆ ಮಗ ದಾಟಿಹೋದ, ಸಿಗದಿದ್ದರೆ ಮನೆಗೆ ಬಂದ. ಇಷ್ಟೇ ಇಬ್ಬರ ನಡುವೆ ಇದ್ದ ತಕರಾರು. ಬಾಯಿಬಿಟ್ಟು ಯಾರೂ ಜಗಳ ಆಡಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೇಳನೇ ಇಸವಿ, ಶಿವರಾತ್ರಿ ಕಳೆದ ಮೇಲೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪರೀಕ್ಷೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಮೊದಲು ಒಂದು ಸಿನಿಮಾ ತೋರಿಸಿದರು. ಯಾವ ದೇಶದ್ದೋ, ಹೆಸರು ಓದಲೂ ಬರಲಿಲ್ಲ. ಮಾತಿಲ್ಲ, ಹಾಡಿಲ್ಲ. ಅಲ್ಲೂ ಒಂದೇ ಪ್ರೊಜೆಕ್ಟರ್. ನಡುನಡುವೆ ದೀಪ ಹಾಕಿ ರೀಲು ಬದಲಾಯಿಸುತ್ತಿದ್ದರು. ಅದನ್ನು ಕಂಡು ಕೆಂಪನಂಜಪ್ಪನಿಗೆ ನೆಂಟರ ಮನೆಗೆ ಬಂದಷ್ಟು ಧೈರ್ಯ ಬಂತು.

ಮೊದಲ ರೀಲಿನಲ್ಲಿ ಸಮುದ್ರದ ಪಕ್ಕದ ಒಂಟಿ ಮನೆಗೆ ಒಬ್ಬ ಗಂಡಸು ಬಾಗಿಲು ಕೂರಿಸುತ್ತಾನೆ, ಹೆಂಗಸೊಬ್ಬಳು ನಗುತ್ತಾ ಮೊಳೆ ಎತ್ತಿಕೊಡುತ್ತಾಳೆ. ಎರಡನೆಯದರಲ್ಲಿ ಆ ಮನೆಯಲ್ಲಿ ಔತಣ. ದೊಡ್ಡ ದೊಡ್ಡ ಟೋಪಿಯವರು ಸಾಲಾಗಿ ಕೂತು, ಏನೂ ಇಲ್ಲದ ತಟ್ಟೆಯಿಂದ ಎತ್ತೆತ್ತಿ ತಿನ್ನುತ್ತಾರೆ, ಬಾಯಿ ಒರೆಸಿಕೊಳ್ಳುತ್ತಾರೆ. ಮೂರನೆಯದರಲ್ಲಿ ಮನೆಗೆ ಬಾಗಿಲೇ ಇಲ್ಲ. ಒಳಗೆಲ್ಲ ಮರಳು ನುಗ್ಗಿ ಮಂಚದ ಕಾಲು ಮುಚ್ಚಿದೆ, ಹೆಂಗಸು ಪೊರಕೆ ಹಿಡಿದು ಗುಡಿಸುತ್ತಲೇ ಇದ್ದಾಳೆ. ನಾಲ್ಕನೆಯದರಲ್ಲಿ ಆ ಗಂಡಸು ಬಾಗಿಲನ್ನು ಬೆನ್ನಿಗೆ ಕಟ್ಟಿಕೊಂಡು ಊರ ಬೀದಿಯಲ್ಲಿ ನಡೆಯುತ್ತಾನೆ. ಜನ ಓಡಿಬಂದು ಬೆನ್ನಿನ ಮೇಲಿನ ಬಾಗಿಲು ತಟ್ಟುತ್ತಾರೆ. ಅವನು ತಿರುಗಿ ನೋಡುವುದಿಲ್ಲ. ಸಮುದ್ರದ ದಂಡೆ ಹಿಡಿದು ನಡೆದು ನಡೆದು ಚುಕ್ಕೆಯಾಗುತ್ತಾನೆ. ಅಲ್ಲಿಗೆ ದೀಪ ಹಾಕಿದರು.

ಆಮೇಲೆ ಕಾಗದ ಹಂಚಿ, ಈ ಚಿತ್ರವನ್ನು ಕುರಿತು ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ ಎಂದರು. ಸುತ್ತಲಿದ್ದವರು ಪೆನ್ನು ಕಚ್ಚುತ್ತಾ ಸೂರು ನೋಡುತ್ತಿದ್ದರು. ಕೆಂಪನಂಜಪ್ಪನಿಗೆ ಮಾತ್ರ ಸಂಶಯವೇ ಇರಲಿಲ್ಲ. ‘ತಮ್ಮ ಆಪರೇಟರ್ ರೀಲುಗಳನ್ನು ಹಿಂದುಮುಂದು ಹಾಕಿದ್ದಾರೆ’ ಎಂದು ಶುರುಮಾಡಿದ. ನಾಲ್ಕು, ಮೂರು, ಒಂದು, ಎರಡು. ಇದು ಸರಿಯಾದ ಕ್ರಮ. ಗಂಡ ದೂರದೂರಿನಲ್ಲಿ ಬಾಗಿಲು ಮಾಡಿಸಿ ಹೊತ್ತು ತರುತ್ತಿದ್ದಾನೆ, ಇತ್ತ ಬಾಗಿಲಿಲ್ಲದ ಮನೆಯಲ್ಲಿ ಹೆಂಡತಿ ಮರಳು ಗುಡಿಸುತ್ತಾ ಕಾಯುತ್ತಿದ್ದಾಳೆ, ಕಡೆಗೂ ಅವನು ಬಂದು ಬಾಗಿಲು ಕೂರಿಸುತ್ತಾನೆ, ಗೃಹಪ್ರವೇಶದ ಊಟ ನಡೆಯುತ್ತದೆ. ತಟ್ಟೆಯಲ್ಲಿ ಅನ್ನ ಕಾಣದಿರುವುದಕ್ಕೂ ಉತ್ತರ ಬರೆದ: ಬಡಿಸುವ ತುಂಡು ಹರಿದುಹೋಗಿರಬೇಕು, ಯಾರೋ ಸರಿಯಾಗಿ ಅಂಟಿಸಿಲ್ಲ. ಎಲ್ಲರಿಗಿಂತ ಮೊದಲೇ ಎದ್ದು ಕಾಗದ ಕೊಟ್ಟು ಹೊರಗೆ ಬಂದ. ಬೀಗರ ಮನೆಯಲ್ಲಿ ಹೋಳಿಗೆ ಉಂಡು ಬಂದವನ ಹಾಗಿತ್ತು ಮುಖ.

ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಪರೀಕ್ಷೆಗೆ ಬಂದಿದ್ದ ರಂಗನಾಯಕ ಎಂಬ ಕನ್ನಡಕದ ಹುಡುಗ, ಕಾಲೇಜು ಓದಿದವನು. ಮದ್ದೂರು ಬರುವ ತನಕ ಅವನೇ ಮಾತಾಡಿದ. ಯೂರೋಪಿನಲ್ಲಿ ಕೆಲವರು ಬೇಕೆಂದೇ ಹೀಗೆ ಸಿನಿಮಾ ತೆಗೆಯುತ್ತಾರೆ, ಅದಕ್ಕೆ ಸರ್ರಿಯಲಿಸಂ ಅನ್ನುತ್ತಾರೆ, ನಿದ್ದೆಯಲ್ಲಿ ಕಂಡದ್ದನ್ನು ಕಂಡ ಹಾಗೇ ಇಡುವುದು, ಕತೆ ಹುಡುಕಬಾರದು, ಬರೀ ತಟ್ಟೆ ಬರೀ ತಟ್ಟೆಯೇ. ‘ನೀವೇನು ಬರೆದಿರಿ?’ ಎಂದು ಕೇಳಿದ. ಕೆಂಪನಂಜಪ್ಪ ‘ಅದೇ, ಕನಸು ಅಂತಲೇ’ ಎಂದ. ಮದ್ದೂರಿನಲ್ಲಿ ರಂಗನಾಯಕ ವಡೆ ತಂದುಕೊಟ್ಟ. ಕೆಂಪನಂಜಪ್ಪ ಅದನ್ನು ಕಾಗದದಲ್ಲೇ ಸುತ್ತಿ ಜೇಬಿಗೆ ಹಾಕಿಕೊಂಡ. ಪರೀಕ್ಷಕರ ಆಪರೇಟರಿಗೆ ರೀಲು ಹಾಕಲು ಬರುವುದಿಲ್ಲ ಎಂದು ಪರೀಕ್ಷಕರಿಗೇ ಬರೆದುಕೊಟ್ಟು ಬಂದಿದ್ದೇನೆ ಎಂಬುದು ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

ಊರಿಗೆ ಬಂದವನನ್ನು ಅವ್ವ ಚನ್ನಮಲ್ಲಮ್ಮ ಕೇಳಿದಳು. ‘ಎಂಗ್ ಬರ್ದೆ ಮಗ?’

‘ಚೆನ್ನಾಗೇ ಬರ್ದಿವ್ನಿ ಕಣವ್ವ’ ಎಂದ. ಆಡಿದ ಆ ಒಂದು ಮಾತು ಬಿಸಿತುಪ್ಪವಾಗಿ ಬಾಯಲ್ಲಿ ಕೂತಿತು, ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ. ಅವ್ವ ಅದನ್ನು ಮುಳ್ಳೂರಿಗೆಲ್ಲ ಹಂಚಿದಳು. ಆಷಾಢದ ಹೊತ್ತಿಗೆ ತೀರ್ಮಾನ ತಿಳಿಸುತ್ತೇವೆ ಎಂದಿದ್ದರು. ಅಲ್ಲಿಂದ ಕಾಯುವುದು ಶುರುವಾಯಿತು.

ಕಾಯುವುದೂ ಒಂದು ಕೂಲಿ ಕೆಲಸವೇ, ಸಂಜೆಗೆ ಕೂಲಿ ಮಾತ್ರ ಕೊಡುವುದಿಲ್ಲ. ರಾತ್ರಿ ಟೆಂಟಿನಲ್ಲೇ ಮಲಗಿ, ಬೆಳಗಿನ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದು, ಅಲ್ಲಿಂದ ಮುಳ್ಳೂರಿಗೆ ಬಂದು, ಟಪಾಲು ತರುವ ಹನುಮಯ್ಯನ ಸೈಕಲ್ಲು ಕಾಣುವ ತನಕ ಜಗಲಿಯ ಮೇಲೆ ಕೂತು, ಅವನು ದೂರದಿಂದಲೇ ಕೈಯಾಡಿಸಿ ಇಲ್ಲವೆಂದ ಮೇಲೆ ಉಂಡು, ಮತ್ತೆ ಮಧ್ಯಾಹ್ನದ ಬಸ್ಸಿಗೆ ಹನೂರು. ತಾನು ಫೇಲು ಎಂದು ತಿಳಿದಿದ್ದೂ ಹೀಗೆ ಕಾಯುತ್ತಾರೆಯೇ ಎಂದು ಕೇಳಿದರೆ, ಕಾಯುತ್ತಾರೆ. ಹೊಟ್ಟೆಯೊಳಗೆ ಎಲ್ಲೋ ಒಂದು ಹುಳು ‘ಯಾರಿಗೆ ಗೊತ್ತು’ ಎನ್ನುತ್ತಲೇ ಇರುತ್ತದೆ. ಹನುಮಯ್ಯನಿಗೂ ಆ ನೋಟ ಸಾಕಾಗಿಹೋಯಿತು. ಕೊನೆಕೊನೆಗೆ ಅವನು ಆ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗತೊಡಗಿದ.

ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಆ ಸಿನಿಮಾ. ಒಂದು ವಾರ ಬಾಗಿಲು ಎಂದರೆ ಮಾನ ಎಂದು ಹೊಳೆಯುತ್ತಿತ್ತು. ಮನೆಯ ಮಾನವನ್ನು ಬೆನ್ನಿಗೆ ಕಟ್ಟಿಕೊಂಡು ಹೋದವನ ಕತೆ. ಇನ್ನೊಂದು ವಾರ ಮರಳೇ ಮುಖ್ಯ, ಬಾಗಿಲು ಬರೀ ನೆಪ. ಮತ್ತೊಂದು ವಾರ ಆ ಟೋಪಿಯವರೇ ಪರೀಕ್ಷಕರು, ಬರೀ ತಟ್ಟೆಯೇ ತನ್ನ ಉತ್ತರ. ಹೀಗೆ ಅರ್ಥ ಹೊಳೆದಾಗಲೆಲ್ಲ ಅವನು ಒಬ್ಬ ಪರೀಕ್ಷಕನ ಜೊತೆ ಮನಸ್ಸಿನಲ್ಲೇ ವಾದಕ್ಕೆ ಇಳಿಯುತ್ತಿದ್ದ. ಬಿಳಿಗಡ್ಡದ ಒಬ್ಬ ಮುದುಕ, ಮುಂದೆ ತನ್ನ ಕಾಗದ, ಕೈಯಲ್ಲಿ ಕೆಂಪು ಪೆನ್ಸಿಲು. ‘ರೀಲು ಹಿಂದುಮುಂದು ಅಂತ ಬರೆದೀಯಲ್ಲಯ್ಯ’ ಎಂದು ಮುದುಕ ನಗುವನು. ‘ಸ್ವಾಮಿ, ಹಾಗಲ್ಲ, ಕೇಳಿ ಇಲ್ಲಿ’ ಎಂದು ಇವನು ಶುರುಮಾಡುವನು. ಅಷ್ಟರಲ್ಲಿ ಹನೂರು ಬಂದಿರುತ್ತಿತ್ತು. ಒಂದೊಂದು ದಿನ ಹನೂರು ದಾಟಿ ರಾಮಾಪುರದ ತನಕ ಹೋಗಿ ಕಂಡಕ್ಟರನ ಕೈಲಿ ಬೈಸಿಕೊಂಡು ವಾಪಸು ಬಂದದ್ದೂ ಉಂಟು.

ಉತ್ತರದ ವಿಷಯ ಯಾರಿಗೂ ಹೇಳಲಿಲ್ಲ, ಸಿನಿಮಾವನ್ನು ಮಾತ್ರ ತಡೆಯಲಾರದೆ ಹೇಳಿದ. ಅವ್ವ ಅದನ್ನು ಅವನೇ ಕಂಡ ಕನಸು ಎಂದು ತಿಳಿದು ಫಲ ನೋಡಿದಳು. ‘ಬಾಗ್ಲು ಕಂಡ್ರೆ ಮದ್ವೆ ಕಣಪ್ಪ. ಮರಳು ಕಂಡ್ರೆ ಕೈ ತುಂಬ ಕಾಸು ಬತ್ತದೆ. ಒಳ್ಳೇದೇ ಅದೆ, ಇನ್ಯಾರ್‌ಗೂ ಏಳ್ಬೇಡ.’ ಗೂಟದ ಜಡಯ್ಯನಿಗೆ ಹೇಳಿದರೆ ಅವನ ತಕರಾರು ಬೇರೆ. ‘ಒಂಟಿ ಮನೆಗೆ ಅಷ್ಟು ದೊಡ್ಡ ಬಾಗ್ಲು ಯಾಕೆ ಬುದ್ದಿ? ನಮ್ ಕಾಡಿನ ಪೋಡಲ್ಲಿ ಗುಡ್ಲಿಗೆ ಬಿದಿರು ತಡಿಕೆ ಕಟ್ಕತೀವಿ. ಅವ್ನೂ ತಡಿಕೆ ಕಟ್ಟಿದ್ರೆ ಬೆನ್ನುನೋವಾದ್ರೂ ತಪ್ಪೋದು’ ಎಂದು ಹಗ್ಗ ಬಿಗಿಯಲು ಎದ್ದುಹೋದ. ಆಮೇಲೆ ಇವನು ಬಾಯಿ ತೆರೆದರೆ ಜಡಯ್ಯನಿಗೆ ಯಾವುದಾದರೂ ಗೂಟ ಸಡಿಲವಾಗಿರುವುದು ನೆನಪಾಗುತ್ತಿತ್ತು.

ತಲೆಯೊಳಗೆ ಇದ್ದದ್ದು ಎಷ್ಟು ದಿನ ತಲೆಯೊಳಗೇ ಇರುತ್ತದೆ? ಮೆಲ್ಲಗೆ ತುತ್ತೂರಿಗೂ ಇಳಿಯಿತು. ರಾಜರ ಕತ್ತಿವರಸೆ ನಡೆದರೆ, ‘ಇದು ದಿಟವಾದ ಜಗಳ ಅಲ್ಲ, ರಾಜನ ಮನಸ್ಸೊಳಗಿನ ಭಯ’ ಎನ್ನುತ್ತಿದ್ದ. ನಾಯಕ ಮಾವಿನತೋಪಿನಲ್ಲಿ ಹಾಡಿದರೆ, ‘ಆ ಮರಗಳನ್ನ ಮರ ಅಂತ ತಿಳೀಬೇಡಿ’ ಎನ್ನುತ್ತಿದ್ದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರವನ್ನು ಮರ ಎಂದು ತಿಳಿಯದೆ ಇನ್ನೇನು ತಿಳಿಯುವುದು? ಆದರೂ ಸಹಿಸಿಕೊಂಡರು. ಹನೂರಿನವರು ಸಹನೆಯಲ್ಲಿ ಯಾರಿಗೂ ಕಡಿಮೆಯಲ್ಲ.

ಸಹನೆ ತಪ್ಪಿದ್ದು ಒಂದು ಕಣ್ಣೀರಿನ ಸಿನಿಮಾದ ದಿನ. ಸಣ್ಣ ಕೂಸನ್ನು ಬಿಟ್ಟು ತಾಯಿ ಸಾಯುವ ಕತೆ. ಅದಕ್ಕೆಂದೇ ಸುತ್ತಲ ಊರುಗಳಿಂದ ಹೆಂಗಸರು ಗಾಡಿ ಕಟ್ಟಿಕೊಂಡು ಬಂದಿದ್ದರು. ತಾಯಿ ಹಾಸಿಗೆ ಹಿಡಿಯುವಲ್ಲಿಗೆ ರೀಲು ಮುಗಿದು ದೀಪ ಹತ್ತಿತು. ಸೆರಗೆಲ್ಲ ಆಗಲೇ ಒದ್ದೆ. ಕೆಂಪನಂಜಪ್ಪ ಪೆಟ್ಟಿಗೆ ಹತ್ತಿ, ‘ಅಳಬೇಡಿ ತಾಯಂದ್ರಾ. ಇದು ನಡೀತಿರೋದಲ್ಲ, ಆ ತಾಯಿ ಕಾಣ್ತಿರೋ ಕನಸು. ಬೆಳಗಾದ್ರೆ ಎದ್ದು ಕೂರ್ತಾಳೆ’ ಎಂದುಬಿಟ್ಟ. ಹೆಂಗಸರು ಕಣ್ಣೊರೆಸಿಕೊಂಡು, ಕಡಲೆಕಾಯಿ ಬಿಚ್ಚಿ, ನಿರಾಳವಾಗಿ ಮುಂದಿನದನ್ನು ನೋಡಿದರು. ಮುಂದಿನ ರೀಲಿನಲ್ಲಿ ತಾಯಿ ಸತ್ತಳು. ಚಟ್ಟ ಕಟ್ಟಿದರು, ಕೊಳ್ಳಿ ಇಟ್ಟರು, ಕೂಸು ಒಂದೇ ಸಮ ಕಿರುಚಿತು. ಇವರು ಎದ್ದು ಕೂರುತ್ತಾಳೆ ಎಂದು ಕಾಯುತ್ತಾ ಕೂತಿದ್ದರು. ಅವಳು ಏಳುವ ಮೊದಲೇ ‘ಶುಭಂ’ ಬಂತು.

ಹೂ ಮಾರುವ ಪುಟ್ಟಮಲ್ಲಮ್ಮ ಎದ್ದು ಪೆಟ್ಟಿಗೆಯ ಹತ್ತಿರಕ್ಕೇ ಬಂದಳು. ‘ಏನಯ್ಯಾ, ವರ್ಸಕ್ಕೊಂದ್ಸಲ ನೆಮ್ಮದಿಯಾಗಿ ಅತ್ಕಂಡು ಓಗಾನ ಅಂತ ಬಂದ್ರೆ ಅದ್ಕೂ ಕಲ್ಲಾಕ್ದಲ್ಲ ನೀನು! ಆ ಮಗಾ ಅಷ್ಟು ಗೋಳಾಡ್ತಿದ್ರೆ ನಾವು ಕಡ್ಲೇಕಾಯಿ ತಿಂತಾ ಕುಂತಿದ್ವಲ್ಲಪ್ಪ, ನಾವೇನು ರಾಕ್ಸಸ್ರಾ?’ ಉಳಿದ ಹೆಂಗಸರೂ ಎದ್ದರು. ಮರುದಿನ ಸದಾಶಿವಪ್ಪ ಕೊಳ್ಳೇಗಾಲದಿಂದ ಬಂದು ತುತ್ತೂರಿಯನ್ನು ತಾವೇ ಗೂಟದಿಂದ ತೆಗೆದುಕೊಂಡರು. ಕೋಪಿಸಿಕೊಳ್ಳಲೂ ಇಲ್ಲ. ‘ನೋಡಪ್ಪ ನಂಜಪ್ಪ, ಜನಕ್ಕೆ ಸಿನಿಮಾ ಅರ್ಥ ಆಗ್ಲಿ ಅಂತ ನಿನ್ನ ಮಡೀಕಂಡಿದ್ದು. ಈಗ ಅವರ್ಗೆ ಸಿನಿಮಾ ಅರ್ಥ ಆಯ್ತದೆ, ನೀನೇ ಅರ್ಥ ಆಯ್ತಿಲ್ಲ. ನಿನ್ ಬಾಯ್ಗೆ ಒಂದಷ್ಟು ದಿನ ರಜಾ’ ಎಂದರು. ಗೇಟಿನಲ್ಲಿ ಟಿಕೆಟ್ ಹರಿಯಲು ನಿಲ್ಲಿಸಿದರು. ಒಳಗೆ ದೀಪ ಹತ್ತಿದಾಗಲೆಲ್ಲ ಜನ ಸುಮ್ಮನೆ ಕೂತಿರುವುದು ಹೊರಗಿನಿಂದ ಕಾಣುತ್ತಿತ್ತು. ತಾನಿಲ್ಲದಿದ್ದರೂ ನಡೆಯುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡುವುದು ಯಾರಿಗೂ ಬೇಡ.

ಆ ದಿನಗಳಲ್ಲಿ ಅವನು ನಿಜಕ್ಕೂ ಸೋತುಹೋಗಿದ್ದ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ಮಲಗಿದರೆ ನಿದ್ದೆಯಿಲ್ಲ. ಶಾಲೆ ಸಿಗಲಿ ಎಂಬ ಆಸೆಯೂ ಸವೆದುಹೋಗಿ, ಆ ಬಿಳಿಗಡ್ಡದ ಮುದುಕ ತಪ್ಪೆಂದೋ ಸರಿಯೆಂದೋ ಒಂದು ಗೀಟು ಎಳೆದುಬಿಟ್ಟರೆ ಸಾಕಪ್ಪ ಅನಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಹನುಮಯ್ಯ ಕೆರೆ ಏರಿ ಬಿಟ್ಟು ನೇರ ಬೀದಿಯಲ್ಲಿ ಗಂಟೆ ಬಾರಿಸುತ್ತಾ ಬಂದ. ಶಾಲೆಯಿಂದ ಕಾರ್ಡು. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟನ್ನು ಪರಿಶೀಲನೆಗೆ ಕಳಿಸಬೇಕಂತೆ. ಅಷ್ಟೇ ಇದ್ದದ್ದು. ಅಷ್ಟು ಸಾಕಾಯಿತು. ಫೇಲಾದವನ ಸರ್ಟಿಫಿಕೇಟು ಕಟ್ಟಿಕೊಂಡು ಅವರಿಗೇನಾಗಬೇಕು? ಅಂದರೆ ಮುದುಕ ಓದಿದ್ದಾನೆ! ನಕ್ಕಿರಬಹುದು, ಆದರೂ ಕೆಂಪು ಪೆನ್ಸಿಲನ್ನು ಕೆಳಗಿಟ್ಟು ಒಂದು ಗಳಿಗೆ ಯೋಚಿಸಿದ್ದಾನೆ. ಕೆಂಪನಂಜಪ್ಪ ಮನೆಯ ಪೆಟ್ಟಿಗೆಯ ತಳದಿಂದ ಸರ್ಟಿಫಿಕೇಟು ತೆಗೆದ. ಪಾಸಾದ ವರ್ಷ ಅದರಲ್ಲಿ ನಂಬರುಗಳನ್ನು ನೋಡಿ ಹಿಗ್ಗಿ ಒಳಗಿಟ್ಟದ್ದು, ಮತ್ತೆ ಬಿಚ್ಚಿರಲಿಲ್ಲ. ಈಗಲೂ ಬಿಚ್ಚಿ ಓದುವಷ್ಟು ತಾಳ್ಮೆ ಇರಲಿಲ್ಲ. ಅಂದೇ ಕೊಳ್ಳೇಗಾಲಕ್ಕೆ ಹೋಗಿ ರಿಜಿಸ್ಟರ್ ಮಾಡಿ ಕಳಿಸಿದ.

ಮುಳ್ಳೂರಿನಲ್ಲಿ ಎಲ್ಲರಿಗೂ ಅವನಿಗೆ ಶಾಲೆ ಸಿಕ್ಕಿಯೇಬಿಟ್ಟ ಹಾಗಾಯಿತು. ಚನ್ನಮಲ್ಲಮ್ಮ ಮಾದಪ್ಪನ ಬೆಟ್ಟಕ್ಕೆ ಬರುತ್ತೇನೆಂದು ಹರಕೆ ಹೊತ್ತಳು. ವೃಷಭೇಂದ್ರಪ್ಪ ಮೂರು ದಿನ ತೋಟದಲ್ಲಿ ಕೆಲಸ ಮಾ‍ಡಿ, ನಾಲ್ಕನೆಯ ದಿನ ಕೊಳ್ಳೇಗಾಲದ ಪೇಟೆಯಿಂದ ಹಸಿರು ಬಣ್ಣದ ಒಂದು ತಗಡಿನ ಟ್ರಂಕು ಹೊತ್ತುಕೊಂಡು ಬಂದು ಮಗನ ಹಾಸಿಗೆಯ ಪಕ್ಕ ಇಟ್ಟ. ‘ಬೀಗ ಸಲ್ಪ ಬಿಗಿ ಅದೆ. ಎಣ್ಣೆ ಬುಡು’ ಎಂದಷ್ಟೇ ಅಂದು ಹೊರಗೆ ಹೋದ. ಕೆಂಪನಂಜಪ್ಪ ಬೀಗವನ್ನು ತಿರುಗಿಸಿ ನೋಡಿದ. ಸತ್ಯ ಹೇಳಿಬಿಡಬೇಕೆಂದು ಎದ್ದ. ಅಪ್ಪ ಆಗಲೇ ತೋಟ ಸೇರಿದ್ದ.

ತೀರ್ಮಾನದ ಕಾಗದ ಬಂದದ್ದು ಆಷಾಢ ಮುಗಿಯುವ ಹೊತ್ತಿಗೆ. ಅಪ್ಪ, ಮಗ ಇಬ್ಬರೂ ಹುಳುಮನೆಯಲ್ಲಿದ್ದರು. ರೇಷ್ಮೆಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಬಿಟ್ಟು ಎದ್ದಿದ್ದವು. ಆಗ ಅವಕ್ಕೆ ತಿನ್ನುವುದೊಂದೇ ಕೆಲಸ, ಮನೆಯವರಿಗೆ ಸೊಪ್ಪು ಹಾಕುವುದೊಂದೇ ಕೆಲಸ. ಹನುಮಯ್ಯ ಬಾಗಿಲಲ್ಲಿ ನಿಂತು ಲಕೋಟೆ ಚಾಚಿದ. ಕೆಂಪನಂಜಪ್ಪ ಸೊಪ್ಪಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಒಡೆದ. ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕೇ ಸಾಲು. ಎರಡು ಸಲ ಓದಿದ.

‘ಏನಂತ್ಲಾ?’ ಅಪ್ಪ ಕೇಳಿದ.

‘ನನ್ಗೆ ವಯಸ್ಸು ಜಾಸ್ತಿಯಂತೆ. ಸರ್ಟಿಫಿಕೇಟಿನ ಪ್ರಕಾರ ಇಪ್ಪತ್ತಾರಂತೆ. ಅದ್ಕೆ’ ಎಂದು ತಡೆದ. ‘ಅದ್ಕೆ ನಾ ಬರ್ದ ಉತ್ತರನ ಓದೋಕೇ ತಕಂಡಿಲ್ವಂತೆ.’

ಹಾಗೆಂದವನು ನಕ್ಕ. ನಗು ಬಂದದ್ದಲ್ಲ, ಬೇರೇನೂ ಬರಲಿಲ್ಲ. ಬಿಳಿಗಡ್ಡವೂ ಇಲ್ಲ, ಕೆಂಪು ಪೆನ್ಸಿಲೂ ಇಲ್ಲ. ಇಷ್ಟು ತಿಂಗಳು ಬಸ್ಸಿನಲ್ಲಿ ಕೂತು ಯಾರ ಜೊತೆ ವಾದ ಮಾಡಿದ? ಯಾರ ಎದುರು ನಾಚಿಕೊಂಡ? ಅವನ ಕಾಗದ ಯಾವುದೋ ಕಪಾಟಿನಲ್ಲಿ ಕಟ್ಟಿದ ಹಾಗೇ ಬಿದ್ದಿತ್ತು. ಅದು ಸರಿಯೋ ತಪ್ಪೋ ಎಂದು ಈ ಭೂಮಿಯ ಮೇಲೆ ಇನ್ನು ಯಾರೂ ಹೇಳುವವರಿಲ್ಲ.

ವೃಷಭೇಂದ್ರಪ್ಪ ಕೈಯಲ್ಲಿದ್ದ ಸೊಪ್ಪನ್ನು ಹುಳುವಿನ ತಟ್ಟೆಗೆ ಹಾಕಿದ. ‘ಅದು ನಂದೇ ತಪ್ಪು ಕಣ್ಲಾ’ ಎಂದ. ‘ಆಗ ನಮ್ದೆಲ್ಲ ಕೊಯಮತ್ತೂರು ಜಿಲ್ಲೆ. ಇನ್‌ಸ್ಪೆಕ್ಟ್ರು ಬತ್ತಾರೆ, ಐಕಳು ಸಾಲ್ದು, ಇಸ್ಕೂಲು ಮುಚ್ಚೋಯ್ತದೆ ಅಂತ ಹೆಡ್‌ಮೇಷ್ಟ್ರು ಮನೆಮನೆಗೆ ಬಂದ್ರು. ನಿಂಗಿನ್ನೂ ನಾಕು ತುಂಬಿತ್ತು ಅಷ್ಟೆ. ತಲೆ ಮ್ಯಾಲಿಂದ ಬಲಗೈ ತಂದು ಎಡಗಿವಿ ಮುಟ್ಲಾ ಅಂದ್ರು. ಕಿವಿ ಸಿಕ್ಕುದ್ರೆ ಆರು ವರ್ಸ ಅಂತ ಲೆಕ್ಕ. ನಿನ್ ಕೈ ಉದ್ದ, ಮುಟ್ಬುಟ್ಟೆ. ಆರು ಅಂತ ಬರ್ಕಂಡ್ರು. ನಾಕೇ ಅಂತ ನಂಗೊತ್ತಿತ್ತು. ಏಳ್ಲಿಲ್ಲ. ನನ್ ಮಗ ನಾಕಕ್ಕೇ ಕಿವಿ ಮುಟ್ದ ಅಂತ ಊರ್ಗೆಲ್ಲ ಏಳ್ಕಂಡು ತಿರುಗ್ದೆ.’

ಕೆಂಪನಂಜಪ್ಪನಿಗೆ ಅಪ್ಪನ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು. ಇಬ್ಬರೂ ಮತ್ತೆ ತಟ್ಟೆಗಳಿಗೆ ಸೊಪ್ಪು ಹರಡತೊಡಗಿದರು.

‘ಅವ್ರು ಓದ್ದಿದ್ರೆ ಓಗ್ಲಿ’ ಎಂದ ವೃಷಭೇಂದ್ರಪ್ಪ. ‘ಅದೇನ್ ಬರ್ದಿದ್ಯೋ ನಂಗಾರ ಏಳು.’

ಟೆಂಟಿನೊಳಗೆ ಒಂದು ದಿನವೂ ಕಾಲಿಡದ ಮನುಷ್ಯ. ಕೆಂಪನಂಜಪ್ಪ ಮೊದಲು ಸಿನಿಮಾವನ್ನು ಅವರು ತೋರಿಸಿದ ಹಾಗೇ ಹೇಳಿದ: ಬಾಗಿಲು ಕೂರಿಸಿದ್ದು, ಬರೀ ತಟ್ಟೆಯ ಊಟ, ಮರಳು ಗುಡಿಸಿದ್ದು, ಬಾಗಿಲು ಹೊತ್ತು ನಡೆದದ್ದು. ಆಮೇಲೆ ತಾನು ಬರೆದ ಕ್ರಮದಲ್ಲಿ ಹೇಳಿದ. ಬಾಗಿಲು ಹೊತ್ತವನು ಮನೆಗೆ ಬಂದ, ಬಾಗಿಲು ಕೂರಿಸಿದ, ಹೆಂಡತಿ ನಕ್ಕಳು, ಊಟ ನಡೆಯಿತು. ರೀಲು ಹಿಂದುಮುಂದು ಎಂದು ಬರೆದದ್ದನ್ನೂ, ಬಸ್ಸಿನಲ್ಲಿ ರಂಗನಾಯಕ ಹೇಳಿದ್ದನ್ನೂ, ಚೆನ್ನಾಗಿ ಬರೆದೆ ಎಂದು ಅವ್ವನಿಗೆ ಸುಳ್ಳಾಡಿದ್ದನ್ನೂ ಒಂದೂ ಬಿಡದೆ ಹೇಳಿದ. ಅಪ್ಪ ನಡುವೆ ಬಾಯಿ ಹಾಕಲಿಲ್ಲ. ಬೇರೆ ತಟ್ಟೆಗೆ ಹೋಗುವಾಗ ಮಾತ್ರ ‘ತಡಿ’ ಎಂದು ನಿಲ್ಲಿಸಿ, ಸೊಪ್ಪು ಹಾಕಿಕೊಂಡು, ‘ಊಂ’ ಎನ್ನುತ್ತಿದ್ದ.

ಮುಗಿದ ಮೇಲೆ ವೃಷಭೇಂದ್ರಪ್ಪ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ‘ಅವ್ರು ತೋರ್ಸಿದ್ರಲ್ಲಿ ಅವ್ನು ಕಡೇಲಿ ಮನೆ ಬುಟ್ಟು ಒಂಟೋಯ್ತಾನೆ?’

‘ಊಂ.’

‘ತಿರ್ಗಿ ನೋಡಲ್ಲ?’

‘ಇಲ್ಲ.’

‘ನೀನು ಅವ್ನ ಕರ್ಕಬಂದು ಮನೇಲಿ ಕುಂಡ್ರುಸ್ದೆ.’

‘ಊಂ.’

ಅಪ್ಪ ತಲೆಯಾಡಿಸಿದ. ‘ನೀ ಬರ್ದಿದ್ದು ತಪ್ಪು ಕಣ್ಲಾ. ಒಂಟೋನು ಒಂಟೋಯ್ತಾನೆ. ಮನೇಲಿ ಗುಡ್ಸೋರು ಗುಡುಸ್ತಾ ಇರ್ತಾರೆ. ಅದೇ ಸರಿ. ನನ್ ಮಖ ನೋಡ್ಕಂಡು ಬರ್ದಂಗದೆ ನೀನು.’

ಕೆಂಪನಂಜಪ್ಪ ಸೊಪ್ಪಿನ ರಾಶಿಯ ಪಕ್ಕ ಕೂತ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಇಷ್ಟು ತಿಂಗಳ ಮೇಲೆ ಅವನ ಉತ್ತರಕ್ಕೆ ಒಬ್ಬರು ಗೀಟು ಎಳೆದಿದ್ದರು. ಮಗ ಮನೆಗೇ ಬಂದು ಬೀಳಲಿ ಎಂದು ವರ್ಷಗಟ್ಟಲೆ ಕಾದಿದ್ದವನೇ ಆ ಗೀಟು ಎಳೆದವನು. ‘ತಪ್ಪು ಅಲ್ವಾ?’ ಎಂದು ಇನ್ನೊಮ್ಮೆ ಕೇಳಿದ. ‘ತಪ್ಪೇ’ ಎಂದ ಅಪ್ಪ.

ಆ ಮಧ್ಯಾಹ್ನ ಅವನು ಹನೂರಿನ ಬಸ್ಸಿಗೆ ಹೋಗಲಿಲ್ಲ. ಉಂಡು, ಹುಳುಮನೆಯ ಮೂಲೆಯಲ್ಲಿ ಗೋಣಿತಾಟು ಹಾಸಿಕೊಂಡು ಮಲಗಿದವನು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಚನ್ನಮಲ್ಲಮ್ಮ ಎಬ್ಬಿಸಲು ಬಂದಾಗ ವೃಷಭೇಂದ್ರಪ್ಪ ಕೈಸನ್ನೆಯಲ್ಲೇ ತಡೆದು, ಸಂಜೆಯ ಸೊಪ್ಪನ್ನು ತಾನೊಬ್ಬನೇ ಹಾಕಿದ.